ಹಿಮ್ಮಡಿಯ ಸನ್ನೆ

"ಕಾಲು ಸರಿಯಾಗಿ ಮಡಚಿ ಹಿಡ್ಕೊಳ್ಳೇ ಗುಬ್ಬಿ. ಅಳತೆ ತಪ್ಪಿದ್ರೆ ಚೀಲದಿಂದ ಮೂತಿ ಹೊರಗೆ ಹಾಕ್ಕೊಂಡು ಬಸ್ಸಲ್ಲಿ ಕೂತಿರುತ್ತೆ," ಎಂದು ಅಮ್ಮ ಟೇಪಿನ ತುದಿಯನ್ನು ಮಗಳ ಹೆಬ್ಬೆರಳಿನ ಕೆಳಗೆ ತೂರಿಸಿದಳು.

ಗುಬ್ಬಿ ಟೆಲಿಸ್ಕೋಪಿನ ಮೂರು ಕಾಲಿನ ಸ್ಟ್ಯಾಂಡನ್ನು ಮಡಚಿ ಎದೆಗವಚಿಕೊಂಡಳು. ಡಿಗ್ರಿ ಮುಗಿಸಿ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ್ದರೂ ಮನೆಯಲ್ಲಿ ಅವಳಿನ್ನೂ ಗುಬ್ಬಿಯೇ. ಆ ಹೆಸರಿಟ್ಟ ಅಪ್ಪನೇ, ನಿಜವಾದ ಗುಬ್ಬಿಯೇ ಇವಳಿಗಿಂತ ಹೆಚ್ಚು ಸದ್ದು ಮಾಡುತ್ತದೆ ಎಂದು ಈಗ ನಗುತ್ತಿದ್ದರು.

ತಾರಸಿಯ ಮೇಲೆ, ಬಟ್ಟೆ ಒಣಹಾಕುವ ತಂತಿಯ ಕೆಳಗೆ, ಅಂಥ ಸ್ಟ್ಯಾಂಡುಗಳು ಎರಡಿದ್ದವು. ಅಂಗಡಿಯವನು ಎರಡನ್ನೂ ಒಯ್ದು ನೋಡಿ, ಬೇಡವಾದದ್ದನ್ನು ನಾಳೆ ತಂದುಕೊಡಿ ಎಂದಿದ್ದ. ಒಂದಕ್ಕೆ ಎರಡು ತಿರುಪುಗುಂಡಿಗಳಿದ್ದವು, ಕೈಯಿಂದಲೇ ತಿರುಗಿಸಬೇಕು. ಇನ್ನೊಂದಕ್ಕೆ ಪುಟ್ಟ ಮೋಟಾರಿತ್ತು. ಒಮ್ಮೆ ಚಂದ್ರನ ಕಡೆ ತಿರುಗಿಸಿಟ್ಟರೆ ಸಾಕು, ಆಮೇಲೆ ತಾನೇ ಅವನ ಹಿಂದೆ ಹೋಗುತ್ತಿತ್ತು.

ಇಷ್ಟು ವರ್ಷ ಈ ಮನೆಯಲ್ಲಿ ಸ್ಟ್ಯಾಂಡಿನ ಮಾತೇ ಎದ್ದಿರಲಿಲ್ಲ. ತಾರಸಿಯ ಮೂಲೆಯಲ್ಲಿ ಕಬ್ಬಿಣದ ಪೈಪಿಗೆ ಕಾಂಕ್ರೀಟು ತುಂಬಿಸಿ ಅಪ್ಪ ನಿಲ್ಲಿಸಿದ್ದ ಕಂಬವಿತ್ತು. ಟೆಲಿಸ್ಕೋಪು ಅದರ ತಲೆಯ ಮೇಲೆ ಕೂರುತ್ತಿತ್ತು. ಈಗ ಬೆಟ್ಟದ ಮೇಲಿನ ಊರಿನಿಂದ ಅಪ್ಪನ ಅಕ್ಕ ಕರೆದಿದ್ದರು. ಅಲ್ಲಿ ಬೀದಿದೀಪಗಳೇ ಕಡಿಮೆ, ಅಂಗಳಕ್ಕಿಳಿದರೆ ಆಕಾಶ ಮೈಮೇಲೆ ಬೀಳುತ್ತದಂತೆ. ಅಪ್ಪ ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವರು, ಅಮ್ಮ ಕೆಳಗಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಅಪ್ಪನಿಗೆ ರಜೆ ಸಿಕ್ಕಾಗ ಅಮ್ಮನ ಮೇಜಿನ ಮೇಲೆ ಬಟ್ಟೆ ರಾಶಿ ಬಿದ್ದಿರುತ್ತಿತ್ತು. ಮದುವೆಯಾದಾಗಿನಿಂದ ಇಬ್ಬರೂ ಜೊತೆಯಾಗಿ ಎಲ್ಲಿಗೂ ಹೋಗಿ ನಾಲ್ಕು ದಿನ ಉಳಿದದ್ದಿಲ್ಲ. ಈ ಸಲ ಅಮ್ಮ ಬಂದವರನ್ನೆಲ್ಲ "ಮುಂದಿನ ತಿಂಗಳು ಬನ್ನಿ, ನಾನು ಊರಲ್ಲಿರಲ್ಲ" ಎಂದು ಸಾಗಹಾಕಿದ್ದಳು. ಹಾಗೆನ್ನುವಾಗ ಅವಳ ದನಿಯಲ್ಲಿ ಸಣ್ಣ ಜಂಬವಿತ್ತು.

ಅಪ್ಪನಿಗೆ ಹರ್ನಿಯಾ ಆಪರೇಷನ್ ಆಗಿ ಭಾರ ಎತ್ತುವ ಹಾಗಿರಲಿಲ್ಲ. ಒಂದು ಕೈಯಲ್ಲಿ ಹಿಡಿದು ಬಸ್ಸು ಹತ್ತುವಂಥ ಸ್ಟ್ಯಾಂಡು ಬೇಕಿತ್ತು. ಅಪ್ಪ ಸ್ಟ್ಯಾಂಡಿನ ಅಂಗಡಿಯಲ್ಲಿ ತಿರುಪುಗುಂಡಿಯದನ್ನು ಕೈಗೆತ್ತಿಕೊಂಡು, ಅದರ ಕಾಲಿಗೆ ಬೆರಳಿನಿಂದ ತಟ್ಟಿ, ಎಷ್ಟು ಹೊತ್ತು ನಡುಗುತ್ತದೆಂದು ನೋಡಿ, ಇದೇ ಸಾಕು ಎಂದಿದ್ದರು. ಮೋಟಾರಿನದೂ ಇರಲಿ ಎಂದವಳು ಗುಬ್ಬಿ. ಅಂಗಡಿಯವನಿಗೆ ಕೇಳಿಸಲು ಅವಳು ಎರಡು ಸಲ ಹೇಳಬೇಕಾಯಿತು.

ಅವಳು ಹಾಗೆಂದದ್ದು ಅಮ್ಮನಿಗಾಗಿ. ಟೆಲಿಸ್ಕೋಪಿನೊಳಗೆ ಚಂದ್ರ ನಿಲ್ಲುವುದಿಲ್ಲ. ಮೆಲ್ಲಗೆ ಪಕ್ಕಕ್ಕೆ ಜಾರಿ ಅಂಚಿನಾಚೆ ಹೋಗಿಬಿಡುತ್ತಾನೆ. ಹಾಗೆ ಹೋಗದಂತೆ ಕಂಬದ ತುದಿಯಲ್ಲಿದ್ದ ತಿರುಪುಗುಂಡಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಇರಬೇಕು. ಅಪ್ಪನ ಕಣ್ಣು ಟೆಲಿಸ್ಕೋಪಿನಲ್ಲಿ, ಅಮ್ಮನ ಕೈ ಗುಂಡಿಯ ಮೇಲೆ. ಗುಬ್ಬಿ ಒಮ್ಮೆ ಪ್ರಯತ್ನಿಸಿ ಚಂದ್ರನನ್ನು ಎಲ್ಲಿಗೋ ಅಟ್ಟಿದ್ದಳು. ಅಮ್ಮನ ಕೈಗೆ ಮಾತ್ರ ಅದು ಒಲಿದಿತ್ತು. ಹೊಲಿಗೆ ಕೊನೆಮುಟ್ಟುವಾಗ ಪೆಡಲಿನಿಂದ ಕಾಲು ತೆಗೆದು ಮಷೀನಿನ ಚಕ್ರವನ್ನು ಕೈಯಲ್ಲೇ ತಿರುಗಿಸುವ ಕೈ ಅದು. ಅವಳು ಆಕಾಶದ ಕಡೆ ನೋಡುತ್ತಲೇ ಇರಲಿಲ್ಲ, ಅಪ್ಪನ ಎಡಗಾಲನ್ನು ನೋಡುತ್ತಿದ್ದಳು. ಚಂದ್ರ ಅಂಚಿಗೆ ಸರಿದಾಗ ಅಪ್ಪನ ಎಡ ಹಿಮ್ಮಡಿ ನೆಲ ಬಿಟ್ಟು ಏಳುತ್ತಿತ್ತು. ಅವಳು ತಿರುಗಿಸುತ್ತಿದ್ದಳು. ಹಿಮ್ಮಡಿ ಇಳಿಯುತ್ತಿತ್ತು. ಹೀಗೊಂದು ಸನ್ನೆ ತಮ್ಮ ಕಾಲಿನಲ್ಲಿದೆಯೆಂಬುದು ಅಪ್ಪನಿಗೇ ಗೊತ್ತಿರಲಿಲ್ಲ.

ಗುಂಡಿ ಹಿಡಿದಷ್ಟು ಹೊತ್ತೂ ಅಮ್ಮ ಗೊಣಗುತ್ತಿದ್ದಳು. "ಬೇರೆಯವರ ಗಂಡಂದಿರು ಸಿನಿಮಾಕ್ಕೆ ಕರ್ಕೊಂಡು ಹೋಗ್ತಾರೆ. ನನ್ನ ಹಣೇಲಿ ನಿಮ್ಮ ದುರ್ಬೀನಿನ ಕಿವಿ ಹಿಂಡೋದು ಬರ್ದಿದೆ. ಕಾಲು ಬಿದ್ದುಹೋಯ್ತು ನಂದು." ಗುಬ್ಬಿ ಇದನ್ನು ಕೇಳುತ್ತಲೇ ಬೆಳೆದವಳು. ಬೆಟ್ಟದ ಊರಿನಲ್ಲಾದರೂ ಅಮ್ಮ ಕುರ್ಚಿ ಹಾಕಿಕೊಂಡು ಕೂರಲಿ ಎಂದು ಅವಳಿಗನಿಸಿತ್ತು.

"ಎರಡೂ ಒಂದೇ ಉದ್ದ," ಎಂದು ಅಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡಳು. "ಯಾವುದನ್ನ ಇಟ್ಕೊಂಡ್ರೂ ಚೀಲ ಆಗುತ್ತೆ. ತೋರ್ಸು ನೋಡೋಣ, ಅದೇನೋ ತಾನೇ ತಿರುಗುತ್ತೆ ಅಂದ್ಯಲ್ಲ."

ಬಿಸಿಲು ಇಳಿದು ಆಕಾಶ ಬೂದು ನೀಲಿಯಾಗಿತ್ತು. ಅರ್ಧಚಂದ್ರ ಆಗಲೇ ಮೇಲೇರಿ ನಿಂತಿದ್ದ. ಅಪ್ಪ ಕನ್ನಡಕದ ಅಂಗಡಿಯಿಂದ ಬಂದವರು ಅಂಗಿಯನ್ನೂ ಬದಲಿಸದೆ ಮೇಲೆ ಬಂದರು. ಗುಬ್ಬಿ ಟೆಲಿಸ್ಕೋಪನ್ನು ಮೋಟಾರಿನ ಸ್ಟ್ಯಾಂಡಿಗೆ ಬಿಗಿದು, ಚಂದ್ರನನ್ನು ನಡುವಿಗೆ ತಂದು, ಸ್ವಿಚ್ಚು ಒತ್ತಿದಳು. ಕೆಂಪು ದೀಪವೊಂದು ಹತ್ತಿತು. ಕಿವಿಗೊಟ್ಟರೆ ಮಾತ್ರ ಕೇಳುವ ಗುಂಯ್ ಎಂಬ ಸದ್ದು.

ಅಪ್ಪ ಕಣ್ಣಿಟ್ಟರು. "ಅಬ್ಬಬ್ಬ! ಲೇ, ನಿಂತೇಬಿಟ್ಟಿದೆ ಕಣೇ! ಮೊಳೆ ಹೊಡ್ದಂಗೆ ನಿಂತಿದೆ!"

ಅಮ್ಮ ಅಭ್ಯಾಸಬಲದಿಂದ ಅವರ ಎಡಕ್ಕೆ ಬಂದು ನಿಂತಿದ್ದಳು. ಕೈ ತಾನಾಗಿ ಮುಂದೆ ಹೋಯಿತು. ಅಲ್ಲಿ ಗುಂಡಿ ಇರಲಿಲ್ಲ. ಆ ಕೈ ಗಾಳಿಯಲ್ಲಿ ಸ್ವಲ್ಪ ತಡೆದು, ಹಿಂದೆ ಬಂದು, ಟೇಪಿನ ತುದಿಯನ್ನು ಹಿಡಿದುಕೊಂಡಿತು. ಅವಳು ಅಪ್ಪನ ಕಾಲನ್ನೇ ನೋಡುತ್ತಿದ್ದಳು. ಎರಡೂ ಹಿಮ್ಮಡಿಗಳು ನೆಲಕ್ಕೆ ಅಂಟಿಕೊಂಡಿದ್ದವು.

"ನೀನಿನ್ನು ಆರಾಮಾಗಿ ಕೂತ್ಕೋಬಹುದಮ್ಮ," ಎಂದಳು ಗುಬ್ಬಿ.

"ಹೂಂ. ಒಳ್ಳೇದೇ ಆಯ್ತು." ಅಮ್ಮ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನೋಡಿ, ಹಾಗಾದ್ರೆ ನೀವೊಬ್ರೇ ಹೋಗ್ಬನ್ನಿ. ಆ ಶಾಲೆಯವರು ಸಮವಸ್ತ್ರಕ್ಕೆ ಬೇರೆ ಕೇಳಿದ್ರು, ಸುಮ್ನೆ ಇಲ್ಲ ಅಂದೆ. ನಾಳೆನೇ ಹೇಳಿ ಕಳಿಸ್ತೀನಿ."

"ಅಲ್ಲಾ, ಟಿಕೆಟ್ ಮಾಡ್ಸಿದೀನಲ್ಲೇ!"

"ವಾಪಸ್ ಕೊಡಿ. ಅಲ್ಲಿ ಬಂದು ನಾನೇನು ಮಾಡ್ಲಿ? ನಿಮ್ಮಕ್ಕನ ಮನೆ ಗೋಡೆ ನೋಡ್ತಾ ಕೂತಿರ್ಲಾ?" ಕೋಪವೇನೂ ಇರಲಿಲ್ಲ ದನಿಯಲ್ಲಿ. ಯಾರದೋ ರವಿಕೆಗೆ ಬಟ್ಟೆ ಸಾಲದು ಎಂದು ಹೇಳುವಷ್ಟೇ ಸಾಧಾರಣವಾಗಿ ಹೇಳಿ, ಮೆಟ್ಟಿಲಿಳಿದು ಹೋದಳು.

ಗುಬ್ಬಿಗೆ ಕಿವಿ ಬಿಸಿಯಾಯಿತು. ಏನನ್ನು ಕೊಡುತ್ತಿದ್ದೇನೆ ಅಂದುಕೊಂಡಿದ್ದಳೋ, ಏನನ್ನು ಕಿತ್ತುಕೊಂಡಿದ್ದಳೋ. ಕೆಳಗೆ ಹೋಗಿ ಹೇಳಬೇಕು ಅನ್ನಿಸಿತು. ಹೇಳುವುದೇನು? ಅವಳು ತಿರುಪುಗುಂಡಿಯ ಸ್ಟ್ಯಾಂಡಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಕೆಳಗಿನಿಂದ ಮಷೀನಿನ ಸದ್ದು ಬರುತ್ತದೆಂದು ಕಾದಳು. ಬರಲಿಲ್ಲ.

ಅಪ್ಪ ಇನ್ನೂ ಕಣ್ಣಿಟ್ಟೇ ಇದ್ದರು. ಅಬ್ಬಬ್ಬ ಎನ್ನುವುದು ನಿಂತಿತ್ತು. "ಈ ಗುಂಡಿ ನೋಡು, ಎಷ್ಟು ಚೆನ್ನಾಗಿ ಕಾಣುತ್ತೆ" ಎಂದು ಚಂದ್ರನ ಮೇಲಿನ ಯಾವುದೋ ಕುಳಿಯ ಬಗ್ಗೆ ಎಡಕ್ಕೆ ತಿರುಗಿ ಹೇಳಿದರು. ಎಡಕ್ಕೆ ಯಾರೂ ಇರಲಿಲ್ಲ.

ಅವರು ನೆಟ್ಟಗೆ ನಿಂತು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಸ್ವಚ್ಛವಾಗಿದ್ದ ಗಾಜನ್ನೇ ಮತ್ತೆ ಮತ್ತೆ ಒರೆಸಿದರು. ಮೆಟ್ಟಿಲ ಕಡೆ ನೋಡಿದರು. ಆಮೇಲೆ ಮತ್ತೆ ಬಗ್ಗಿ ಕಣ್ಣಿಟ್ಟು, ಒಂದು ಕೈಯನ್ನು ಸ್ಟ್ಯಾಂಡಿನ ಮೇಲೆ ಊರಿದರು. ಅವರ ಹೆಬ್ಬೆರಳು ಮೆಲ್ಲಗೆ ಸರಿದು ಸ್ವಿಚ್ಚನ್ನು ಹುಡುಕಿದ್ದು ಗುಬ್ಬಿಗೆ ಕಂಡಿತು. ಕೆಂಪು ದೀಪ ಆರಿತು. ಗುಂಯ್ ಎನ್ನುವುದೂ ನಿಂತಿತು.

ಚಂದ್ರ ಅಂಚಿಗೆ ಜಾರಲೆಂದು ಅಪ್ಪ ಕಾದರು. ಅವರ ಎಡ ಹಿಮ್ಮಡಿ ಎದ್ದಿತು, ಇನ್ನೂ ಎದ್ದಿತು.

"ಲೇ! ಬಾರೇ ಇಲ್ಲಿ! ಹೊರಟುಹೋಯ್ತು ಕಣೇ!"

ಅಮ್ಮ ಬೇಗನೆ ಬಂದಳು, ಮೆಟ್ಟಿಲಲ್ಲೇ ಕೂತಿದ್ದಳೋ ಎಂಬಷ್ಟು ಬೇಗ. "ಏನಾಯ್ತು? ಈಗ ತಾನೇ ಮೊಳೆ ಹೊಡ್ದಂಗೆ ಇದೆ ಅಂದ್ರಿ?"

"ನಂಗೇನು ಗೊತ್ತು! ನಿನ್ನ ಮಗಳ ಮಷೀನು, ಅವಳನ್ನೇ ಕೇಳು."

ಅಮ್ಮ ಗುಬ್ಬಿಯ ಕಡೆ ತಿರುಗಿದಳು. ಸುಳ್ಳು ಹೇಳಿದರೆ ಮುಖದಲ್ಲೇ ಕಾಣುತ್ತದೆಂದು ಸುಳ್ಳಿಗೇ ಹೋಗದ ಹುಡುಗಿ. ಅಪ್ಪ ಟೆಲಿಸ್ಕೋಪಿನಿಂದ ಕಣ್ಣು ತೆಗೆಯದೆ ನಿಂತಿದ್ದರು.

"ಗೊತ್ತಿಲ್ಲಮ್ಮ," ಎಂದಳು ಗುಬ್ಬಿ. "ಇಂಥವೆಲ್ಲ... ನಂಬೋಕಾಗಲ್ಲ. ದಾರೀಲಿ ಕೈ ಕೊಟ್ರೆ ಕಷ್ಟ."

ಅಮ್ಮ ಬಗ್ಗಿ ನೋಡಿದಳು. ಬೆಲ್ಟು ಸವೆದದ್ದು, ಸೂಜಿ ಡೊಂಕಾದದ್ದು, ಎಲ್ಲವನ್ನೂ ತಾನೇ ಸರಿಮಾಡಿಕೊಂಡು ಮಷೀನಿನ ಜೊತೆ ಬದುಕಿದವಳು. ಆರಿದ ದೀಪವನ್ನು ನೋಡಿದಳು. ಅದರ ಪಕ್ಕದಲ್ಲಿ ಆರಿಸಿಟ್ಟಿದ್ದ ಸ್ವಿಚ್ಚನ್ನು ನೋಡಿದಳು. ಗಂಡನ ಬಗ್ಗಿದ ಬೆನ್ನನ್ನು, ಮಗಳ ಕೆಂಪಾದ ಕಿವಿಯನ್ನು ನೋಡಿದಳು.

"ಕೆಟ್ಟಿರ್ಬೇಕು," ಎಂದಳು. "ಮೂರು ಕಾಸಿನ ಮಾಲು. ನಾಳೆನೇ ವಾಪಸ್ ಕೊಟ್ಟು ಬಾ."

ಅಪ್ಪ ತಾವೇ ಟೆಲಿಸ್ಕೋಪನ್ನು ಬಿಚ್ಚಿ ಇನ್ನೊಂದು ಸ್ಟ್ಯಾಂಡಿಗೆ ಸರಿಸಿದರು. ಬಿಗಿಯುವಾಗ ಅಮ್ಮ ಕೊಳವೆಯ ಕೆಳಗೆ ಅಂಗೈಯೊಡ್ಡಿದಳು. ಹೊಸ ಗುಂಡಿಗಳನ್ನು ಅತ್ತಿತ್ತ ತಿರುಗಿಸಿ ಅವುಗಳ ಬಿಗಿಯನ್ನು ಬೆರಳಿಗೆ ರೂಢಿ ಮಾಡಿಕೊಂಡಳು.

"ಇದಕ್ಕೆ ಚೀಲದೊಳಗೆ ಹತ್ತಿ ಕೊಟ್ಟು ಹೊಲೀಬೇಕು, ಗುಂಡಿ ಮುರ್ದೀತು. ಅಲ್ಲಿ ಚಳಿ ಜಾಸ್ತಿನಾ? ನಂದೊಂದು ದಪ್ಪ ಶಾಲು ಇತ್ತು, ಎಲ್ಲಿಟ್ಟೆನೋ ಏನೋ. ದೇವರೇ, ಅಲ್ಲಿಗೆ ಬಂದ್ರೂ ನಂಗಿದೇ ಕೆಲ್ಸ."

"ಮಾತಾಡ್ಬೇಡ ಕಣೇ, ಅಲುಗಾಡುತ್ತೆ."

"ಮಾತಿಗೆಲ್ಲಾದ್ರೂ ಚಂದ್ರ ಅಲುಗಾಡ್ತಾನಾ!"

ಗುಬ್ಬಿ ಮೋಟಾರಿನ ಸ್ಟ್ಯಾಂಡಿನ ಕಾಲುಗಳನ್ನು ಒಂದೊಂದಾಗಿ ಮಡಚಿದಳು. ತಂತಿಯ ಮೇಲಿನ ಬಟ್ಟೆಗಳು ತಣ್ಣಗಾಗಿದ್ದವು. ಅಪ್ಪ ಸುಮ್ಮನೆ ಬಗ್ಗಿ ನಿಂತಿದ್ದರು. ಅವರ ಎಡ ಹಿಮ್ಮಡಿ ನೆಲ ಬಿಟ್ಟು ಒಂದಿಷ್ಟು ಮೇಲೆದ್ದಿತು. ದಾರದ ತುಂಡೊಂದು ಅಂಟಿಕೊಂಡಿದ್ದ ಬೆರಳುಗಳು ಗುಂಡಿಯನ್ನು ಕಂಡೂ ಕಾಣದಷ್ಟು ತಿರುಗಿಸಿದವು. ಹಿಮ್ಮಡಿ ಕೆಳಗಿಳಿಯಿತು.