ಬೀರವ್ವನ ಉತ್ತರ

"ನಾಳೆ ಇನ್‌ಸ್ಪೆಕ್ಟರ್ ಸಾಹೇಬರು ಬರಾಕತ್ತಾರ. ಆ ಬೀರವ್ವನ್ನ ಮನ್ಯಾಗ ಇಟ್ಕೋ ಅಂತ ಅವರವ್ವಗ ಹೇಳಿಬಿಡ್ರಿ," ಎಂದರು ಹೆಡ್‌ಮಾಸ್ತರ ಗುರುಶಿದ್ದಪ್ಪನವರು, ರುಮಾಲು ಸರಿಪಡಿಸಿಕೊಳ್ಳುತ್ತ. "ಆಮ್ಯಾಲ ಹಾಜರಿ ಪುಸ್ತಕದಾಗಿನ ಹೆಸರ ಹೊಡದ ಹಾಕಿದ್ರಾತು."

ತರಗತಿಯ ಶಿಕ್ಷಕಿ ಮುರಿಗೆವ್ವ ಹೂಂ ಎಂದಳು. ಆ ಮಾತಿನಲ್ಲಿ ಅವಳಿಗೆ ಅನ್ಯಾಯವೇನೂ ಕಾಣಲಿಲ್ಲ. ಧಾರವಾಡದ ಈ ಹೆಣ್ಣುಮಕ್ಕಳ ಶಾಲೆಗೆ ಬೀರವ್ವ ಬಂದದ್ದು ದಸರೆ ಕಳೆದ ಮೇಲೆ. ಎಲ್ಲರೂ ಕೂಡಿ ಮಗ್ಗಿ ಒದರತೊಡಗಿದರೆ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡುವಳು. ಹೆಸರು ಹಿಡಿದು ಕರೆದರೆ ಕರೆದವರ ಕಡೆ ನೋಡದೆ ಉಟ್ಟ ಪರಕಾರದ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂರುವಳು. ಮೊದಲ ವಾರದಲ್ಲೇ ಮುರಿಗೆವ್ವ ಅವಳನ್ನು ಬಾಗಿಲ ಬಳಿ ಕೂರಿಸಿದ್ದಳು. ಆಮೇಲೆ ಅತ್ತ ನೋಡುವ ರೂಢಿಯೇ ತಪ್ಪಿಹೋಗಿತ್ತು.

ಸಂಜೆ ಮಗಳನ್ನು ಕರೆದೊಯ್ಯಲು ಫಕೀರವ್ವ ಬಂದಳು. ಕೆಲಗೇರಿಯಿಂದ ಮೊಸರು ತಂದು ಮಾರುವ ಹೆಂಗಸು. ಮುರಿಗೆವ್ವ ವಿಷಯ ತಿಳಿಸಿದಾಗ ಬುಟ್ಟಿ ಇಳಿಸಿ ನಿಂತಳು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇಷ್ಟ ದಿವಸದಾಗ ಇಕಿಗೆ ನೀವು ಏನರ ಕೇಳೀರೇನ್ರಿ?"

"ಮದಲ ಕೇಳಿದ್ನೆವಾ. ಬಾಯಿ ಬಿಡಲಿಲ್ಲ."

"ಎಷ್ಟೊತ್ತ ಕಾದ್ರಿ?"

ಮುರಿಗೆವ್ವ ಬಾಗಿಲ ಬಳಿಯ ಹುಡುಗಿಯತ್ತ ತಿರುಗಿದಳು.

"ಮಾತು ಒಳಗ ಹೋಗಿ ಹೊರಗ ಬರಾಕ ಇಕಿಗೆ ಹೊತ್ತು ಹಿಡೀತೈತ್ರಿ. ನಡುವ ಮತ್ತೊಂದು ಕೇಳಿದ್ರ ಮದಲಿಂದೂ ಹೋಗಿಬಿಡ್ತೈತಿ. ನಾ ಕೇಳಿ ಸುಮ್ನ ರೊಟ್ಟಿ ಬಡೀತಿರ್ತೇನಿ. ಹೇಳ್ತಾಳ."

ಮುರಿಗೆವ್ವನಿಗೆ ರೇಗಿತು. ನೋಡಿಯೇಬಿಡೋಣವೆಂದು ಕೇಳಿದಳು: "ಬೀರವ್ವಾ, ಮಲಪ್ರಭಾ ಹೊಳಿ ಎಲ್ಲಿ ಹುಟ್ಟತೈತಿ?"

ಹುಡುಗಿ ಬೆರಳಿಗೆ ಅಂಚು ಸುತ್ತಿದಳು. ಬಿಚ್ಚಿದಳು. ಇನ್ನೊಮ್ಮೆ ಕೇಳಬೇಕೆಂದು ಮುರಿಗೆವ್ವನ ನಾಲಗೆ ತುರಿಸಿತು. ಸುಮ್ಮನೆ ನಿಲ್ಲುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಫಕೀರವ್ವ ಮಾತ್ರ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಿಶ್ಚಿಂತೆಯಾಗಿದ್ದಳು.

"ಕಣಕುಂಬಿ," ಎಂದಳು ಬೀರವ್ವ, ಗೋಡೆಗೆ ಹೇಳಿದಂತೆ. "ಖಾನಾಪುರ ತಾಲೂಕು. ಬೆಳಗಾವಿ ಜಿಲ್ಲಾ. ಹಿಂದಿನವರ ಗದ್ದಲ ಸಾಕು."

ಕೊನೆಯ ಗದರಿಕೆಯೂ ಸೇರಿ ಅದು ಮುರಿಗೆವ್ವ ಕಳೆದ ವಾರ ಮಾಡಿದ ಪಾಠವೇ. ಅವಳದೇ ರಾಗ, ಅವಳದೇ ಏರಿಳಿತ. ಮುರಿಗೆವ್ವ ಫಕೀರವ್ವನ ಕಡೆ ತಿರುಗಿದಳು.

"ನಾಳೆ ಕರ್ಕೊಂಡ ಬಾರವಾ," ಎಂದಳು.

ಮರುದಿನ ಬೀರವ್ವ ಮೊದಲ ಸಾಲಿನಲ್ಲಿ ಕೂತದ್ದನ್ನು ಕಂಡು ಗುರುಶಿದ್ದಪ್ಪನವರು ಮುರಿಗೆವ್ವನನ್ನು ಬಾಗಿಲಲ್ಲೇ ತಡೆದರು.

"ಇದೇನ್ರಿ ಮುರಿಗೆವ್ವನವರ? ಸಾಲಿ ಮರ್ಯಾದಿ ಹೋದ್ರ?"

"ಹೋದ್ರ ನನ್ನ ಹೆಸರ ಹೇಳ್ರಿ ಸರ್. ಆಕಿ ಅಲ್ಲೇ ಕುಂದ್ರತಾಳ."

ಇನ್‌ಸ್ಪೆಕ್ಟರರು ಸಾಲು ಹಿಡಿದು ಕೇಳುತ್ತ ಬಂದರು. "ನೀ ಹೇಳವ್ವ, ಇಬ್ಬನಿ ಯಾವ ಕಾಲದಾಗ ಬೀಳ್ತದ?" ಬೀರವ್ವ ತಲೆ ಎತ್ತಲಿಲ್ಲ. ಅವರು ಪಕ್ಕದವಳ ಕಡೆ ತಿರುಗಿದರು.

"ಸಾಹೇಬರ," ಎಂದಳು ಮುರಿಗೆವ್ವ, "ಆಕಿ ಉತ್ತರ ಇನ್ನೂ ಬರೂದೈತ್ರಿ. ದಯಮಾಡಿ ತಡೀರಿ."

ಇನ್‌ಸ್ಪೆಕ್ಟರರು ಹುಬ್ಬೇರಿಸಿದರು. ಗುರುಶಿದ್ದಪ್ಪನವರು ಕೆಮ್ಮಿದರು. ಹಿಂದೆ ಯಾರೋ ಕಿಸಕ್ಕೆಂದರು. ಮುರಿಗೆವ್ವ ಅಂಗೈಯನ್ನು ಮೇಜಿಗೆ ಒತ್ತಿ ನಿಂತಳು.

"ಚಳಿಗಾಲದಾಗ," ಎಂದಳು ಬೀರವ್ವ. ಸಾಹೇಬರು ಹೊರಡಲು ಹೆಜ್ಜೆ ಎತ್ತಿದ ಮೇಲೆ ಇನ್ನೊಂದು ಮಾತು ಬಂತು: "ನಮ್ಮ ಬಣವಿ ಮ್ಯಾಲ."

"ಹೂಂ," ಎಂದು ಅವರು ಮುಂದೆ ಹೋದರು.

"ಹೆಸರು ಇರ್ಲಿ," ಎಂದರು ಗುರುಶಿದ್ದಪ್ಪನವರು, ಸಾಹೇಬರ ಟಾಂಗಾ ಹೋದ ಮೇಲೆ. "ಆದರ ಹಿಂಗ ಕಾಯ್ಕೋತ ಕುಂತ್ರ ಪಾಠ ಮುಗಿಯೂದು ಯಾವಾಗ?"

"ಮುಗಸ್ತೇನ್ರಿ. ಮಗ್ಗಿ ಹೇಳೂ ಹೊತ್ತಿಗೆ ಆಕಿ ಹೊರಗ ಕಟ್ಟಿ ಮ್ಯಾಲ ಕುಂದ್ರತಾಳ. ಅದನ್ನೂ ಈಗ ಹೇಳಿಬಿಡ್ತೇನಿ."

ಕೆಲವು ದಿನಗಳ ನಂತರ ಹಿಂದಿನ ಸಾಲಿನ ಯಂಕವ್ವ ಒಂದು ಲೆಕ್ಕಕ್ಕೆ ತಡವರಿಸಿ ನಿಂತಳು. ಉತ್ತರ ಗೊತ್ತಿದ್ದ ಹುಡುಗಿಯರು ಎಂದಿನಂತೆ ಕೈ ಎತ್ತಿದರು. ಮುರಿಗೆವ್ವ ಯಾರನ್ನೂ ಕರೆಯಲಿಲ್ಲ. ಎತ್ತಿದ ಕೈಗಳು ಒಂದೊಂದಾಗಿ ಕೆಳಗಿಳಿದವು. ಯಾರೂ ನಗಲಿಲ್ಲ. ಕೋಣೆಯ ತುಂಬ ಹುಡುಗಿಯರು ಯಂಕವ್ವನಿಗಾಗಿ ಸುಮ್ಮನೆ ಕಾಯುತ್ತ ಕೂತರು.