ತಣ್ಣಗಿದ್ದ ಬಲಗಾಲು

ಅಜ್ಜಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎರಡು ವರ್ಷದ ಮೊಮ್ಮಗಳ ಬಲತೊಡೆಯ ರಕ್ತನಾಳದಲ್ಲಿ ನಳಿಗೆ ತೂರಿಸಿ, ಬೆಳಿಗ್ಗೆ ಹೃದಯದ ಪರೀಕ್ಷೆ ಮುಗಿಸಿದ್ದರು. ಮಕ್ಕಳ ರಕ್ತನಾಳ ತೀರ ಸಣ್ಣದು, ನಳಿಗೆ ತೆಗೆದ ಮೇಲೂ ಅಲ್ಲಿ ರಕ್ತ ಹೆಪ್ಪುಗಟ್ಟಿ ಕಾಲಿಗೆ ಹರಿಯದೆ ಹೋಗಬಹುದು, ಔಷಧಿ ಕೊಟ್ಟಿದ್ದರೂ ಕಣ್ಣಿಟ್ಟಿರಬೇಕು ಎಂದಿದ್ದಳು ನರ್ಸಮ್ಮ. ಎರಡೂ ಪಾದಗಳ ಮೇಲೆ ನಾಡಿ ಸಿಗುವ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಅರ್ಧ ಗಂಟೆಗೊಮ್ಮೆ ಮುಟ್ಟಿ ನೋಡುತ್ತಿದ್ದಳು.

ಮಗುವಿನ ತಾಯಿಯಾದ ಮಗಳು ಊಟಕ್ಕೆ ಕೆಳಗಿಳಿದದ್ದೇ ತಡ, ಅಜ್ಜಿಯ ಆಡಳಿತ ಶುರುವಾಯಿತು. ಆರು ಹೆತ್ತವಳಿಗೆ ಮೂರು ಹೆತ್ತವಳು ಬುದ್ಧಿ ಹೇಳಿದಳಂತೆ. ಈ ನರ್ಸಮ್ಮ ಇನ್ನೂ ಒಂದನ್ನೂ ಹೆತ್ತಿಲ್ಲ! ಬಲಗಾಲು ತಣ್ಣಗಿದೆ, ಎಲ್ಲಾ ಈ ಎಸಿಯ ಕಾಟ ಎಂದು ಗೊಣಗಿ, ಗುರುತಿನ ಮೇಲೆ ಹೆಬ್ಬೆರಳು ಒತ್ತಿದಳು. ಟಕಟಕ ಬಡಿಯುತ್ತಿತ್ತು. ಸಮಾಧಾನವಾಗಿ ಎರಡೂ ಕಾಲಿಗೆ ಉಣ್ಣೆಯ ಕಾಲುಚೀಲ ತೊಡಿಸಿದಳು. ನರ್ಸಮ್ಮ ನಾಡಿ ನೋಡಲು ಬಂದಾಗ, ಚೆನ್ನಾಗಿ ಬಡಿಯುತ್ತಿದೆ, ಈಗಷ್ಟೇ ನೋಡಿದ್ದೇನೆ, ಅತ್ತೂ ಅತ್ತೂ ಮಲಗಿದ ಮಗುವನ್ನು ಎಬ್ಬಿಸಬೇಡ ತಾಯಿ ಎಂದು ಗದರಿದಳು. ಅಷ್ಟರಲ್ಲಿ ಪಕ್ಕದ ಹಾಸಿಗೆಯ ಮಗು ವಾಂತಿ ಮಾಡಿಕೊಂಡಿತು. ಐದು ನಿಮಿಷದಲ್ಲಿ ಬರುತ್ತೇನೆಂದು ನರ್ಸಮ್ಮ ಅತ್ತ ಓಡಿದಳು.

ಗೆದ್ದೆನೆಂದುಕೊಂಡರೂ ಅಜ್ಜಿಯ ಕಣ್ಣು ಆ ಕಾಲುಚೀಲಗಳ ಮೇಲೇ ಇತ್ತು. ಎರಡೂ ಕಾಲಿಗೆ ಒಂದೇ ಎಸಿ. ಬಲಗಾಲೊಂದೇ ಯಾಕೆ ತಣ್ಣಗಿತ್ತು? ಎದ್ದಳು, ಕೂತಳು, ಮತ್ತೆ ಎದ್ದಳು. ಎದ್ದರೆ ಏಳಲಿ ಮಗು ಎಂದು ಕಾಲುಚೀಲ ಎಳೆದಳು. ಎಡಪಾದ ಕೆಂಪಗಿತ್ತು, ಬಲಪಾದ ಸುಣ್ಣದ ಹಾಗೆ ಬಿಳಿಚಿತ್ತು. ಅಜ್ಜಿ ಬರಿಗಾಲಲ್ಲೇ ಓಡಿ ನರ್ಸಮ್ಮನನ್ನು ಎಳೆದು ತಂದಳು.

ನರ್ಸಮ್ಮ ಎರಡು ಬೆರಳಿಟ್ಟು ನೋಡಿದಳು. ಬಲಪಾದದಲ್ಲಿ ನಾಡಿ ಸಿಗಲಿಲ್ಲ.

“ಬಡೀತಿತ್ತಲ್ಲಮ್ಮ. ಹೆಬ್ಬೆರಳಿಗೆ ಸಿಕ್ತಲ್ಲ.”

“ಹೆಬ್ಬೆರಳಲ್ಲಿ ನಮ್ಮದೇ ನಾಡಿ ಬಡಿಯುತ್ತೆ ಅಜ್ಜಿ. ಅದು ನಿಮ್ಮದು.”

ನರ್ಸಮ್ಮ ಡಾಕ್ಟರನ್ನು ಕೂಗಿ ಕರೆದಳು. ಡಾಕ್ಟರು ಓಡಿ ಬಂದರು, ಹೆಪ್ಪು ಬೆಳೆಯದ ಹಾಗೆ ತಡೆಯುವ ಔಷಧಿಯ ಡ್ರಿಪ್ ಏರಿಸಿದರು. ಕಾಲು ಉಳಿಯುತ್ತದೆಯೇ ಎಂಬ ಪ್ರಶ್ನೆ ಅಜ್ಜಿಯನ್ನು ಕೂರಲು ಬಿಡಲಿಲ್ಲ. ವಾರ್ಡಿನ ಉದ್ದಕ್ಕೂ ನಡೆದಳು, ತಿರುಗಿದಳು, ಮತ್ತೆ ನಡೆದಳು. ಸಂಜೆಯ ಹೊತ್ತಿಗೆ ಪಾದಕ್ಕೆ ಬಣ್ಣ ಬಂತು, ನಾಡಿಯೂ ಸಣ್ಣಗೆ ಸಿಕ್ಕಿತು. ಅಜ್ಜಿ ನೋಡಿ ಕರೆದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಮಗಳು ಅಮ್ಮನನ್ನು ತಬ್ಬಿಕೊಂಡಳು.

ಆ ಹೊಗಳಿಕೆ ಅಜ್ಜಿಗೆ ಒಪ್ಪಿಗೆಯಾಗಲಿಲ್ಲ.

“ತಡ ಮಾಡಿಸಿದ್ದೇ ನಾನು ಕಣೇ. ನೋಡೋಕೆ ಬಂದವಳನ್ನ ಗದರಿಸಿ ಕಳಿಸಿದ್ದೆ.”

ಮಗಳ ತೋಳು ಸಡಿಲವಾಯಿತು. ಆಮೇಲೆ ಅಮ್ಮನ ಕೈ ಹಿಡಿದು, ಎರಡು ಬೆರಳು ಜೋಡಿಸಿ, ಮಗುವಿನ ಪಾದದ ಮೇಲಿಟ್ಟಳು.

“ಮುಖ ತೊಳ್ಕೊಂಡು ಬರ್ತೀನಿ. ಅಲ್ಲೀವರೆಗೂ ನೀನೇ ನೋಡ್ಕೋ.”