ತೊಳೆದ ಕೈ

ಬೀದಿಗೆ ಬೀದಿಯೇ ಕೆರೆದುಕೊಳ್ಳುತ್ತಿದ್ದ ಆ ದಿನಗಳಲ್ಲಿ ಅತ್ತೆಗೆ ಅನುಮಾನ ಬಂದದ್ದು ಸೊಸೆಯ ಮೇಲೆಯೇ. ಸೊಸೆ ಕೂಲಿಗಾರರ ಹಾಸ್ಟೆಲಿನಲ್ಲಿ ಹಾಸಿಗೆ ಬಟ್ಟೆ ಒಗೆಯುವವಳು. ಮುನ್ನೂರು ಜನರ ಬೆವರು ಅವಳ ಕೈ ಹಾಯ್ದು ಹೋಗುತ್ತಿತ್ತು. ಕಜ್ಜಿ ಅಲ್ಲಿಂದಲ್ಲದೆ ಇನ್ನೆಲ್ಲಿಂದ ಬಂದೀತು?

ನರ್ಸಮ್ಮ ಮನೆಮನೆಗೂ ಮುಲಾಮು ಹಂಚಿದಳು. ಇದು ಚರ್ಮದಲ್ಲಿ ಬಿಲ ತೋಡುವ ಹುಳ, ಮನೆಯವರೆಲ್ಲ ಒಂದೇ ದಿನ ಮೈಗೆಲ್ಲ ಹಚ್ಚಿ ಮರುದಿನದವರೆಗೂ ತೊಳೆಯದೆ ಬಿಡಬೇಕು ಎಂದಳು. ಎಲ್ಲರೂ ಹಚ್ಚಿದರು. ಸೊಸೆ ಚಾದರ, ಅಂಗಿ, ತೊಟ್ಟಿಲ ಬಟ್ಟೆ ಎಲ್ಲವನ್ನೂ ಕುದಿಸಿದಳು. ಅತ್ತೆಯೂ ಹಚ್ಚಿಕೊಂಡಳು, ಆದರೆ ಜಿಡ್ಡುಗೈಯಲ್ಲಿ ದೇವರ ಮುಂದೆ ಕೂರಲು ಮನಸ್ಸೊಪ್ಪದೆ ಪ್ರತಿ ಪ್ರಾರ್ಥನೆಗೂ ಸೋಪು ಹಾಕಿ ಕೈ ತೊಳೆದಳು. ಮೂರು ವಾರ ನೆಮ್ಮದಿಯಿತ್ತು. ಆಮೇಲೆ ಸೊಸೆಯ ತೊಟ್ಟಿಲ ಮಗುವಿನ ಅಂಗಾಲಲ್ಲಿ ಮತ್ತೆ ಗುಳ್ಳೆ.

"ನೀನೇ ಕಣೇ ಹೊತ್ತು ತರ್ತಿರೋದು. ಕೆಲಸ ಬಿಡು, ಇಲ್ಲಾ ತವರಿಗೆ ಹೋಗು."

"ಕೆಲಸ ಬಿಟ್ರೆ ಒಲೆ ಮೇಲೆ ಏನಿಡೋದು ಅತ್ತೆ, ನಿಮ್ಮ ಪ್ರಾರ್ಥನೇನಾ?"

ಮಗ ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಸೊಸೆ ಒಬ್ಬಳೇ ತವರಿಗೆ ಹೊರಟಳು. ಬಾಟಲಿ ಹಾಲಿನ ಮಗುವನ್ನು ಅತ್ತೆ ಕಳಿಸದೆ ತನ್ನ ಮಡಿಲಿಗೆ ಹಾಕಿಕೊಂಡಳು. ತಾನೇ ಮೀಯಿಸಿದಳು, ತಾನೇ ತಟ್ಟಿ ಮಲಗಿಸಿದಳು. ಗುಳ್ಳೆಗಳಲ್ಲಿ ಕೀವಾಯಿತು. ಹನ್ನೆರಡನೆಯ ದಿನ ಮಗುವಿನ ಮೈ ಕೆಂಡದಂತೆ ಸುಡುತ್ತಿತ್ತು, ಹಾಲು ಮುಟ್ಟಲಿಲ್ಲ.

ಆಸ್ಪತ್ರೆಯಲ್ಲಿ ನರ್ಸಮ್ಮ ಮಗುವನ್ನು ಡಾಕ್ಟರ ಕೈಗಿತ್ತು, ಮುದುಕಿಯ ಬೆರಳುಗಳನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಸಂದುಗಳಲ್ಲಿ ಕೂದಲೆಳೆಯಂಥ ಬೂದು ಗೆರೆಗಳು, ಹುಳ ತೋಡಿದ ಬಿಲಗಳು.

"ಮುಲಾಮು ಹಚ್ಚಿ ಕೈ ತೊಳೆದ್ರಾ ಅಜ್ಜಿ?"

"ತೊಳೆದೆ."

"ಮತ್ತೆ ಹಚ್ಕೊಳ್ಳಲಿಲ್ವಾ?"

ಅತ್ತೆ ತನ್ನ ಬೆರಳ ಸಂದುಗಳನ್ನೇ ನೋಡಿದಳು. ನಂಜು ರಕ್ತಕ್ಕೇರಿದೆ ಎಂದು ಡಾಕ್ಟರು ಮಗನಿಗೆ ಹೇಳುತ್ತಿದ್ದರು.

ಎರಡು ದಿನ ಅವಳು ದೇವರಲ್ಲಿ ಒಂದೇ ಮಾತು ಬೇಡಿದಳು: ನನ್ನನ್ನು ಕರೆದುಕೋ, ಅದನ್ನು ಬಿಡು. ಮೂರನೆಯ ದಿನ ಬೆಳಿಗ್ಗೆ ಮಗು ಹೋಯಿತು.

ಸುದ್ದಿ ತಿಳಿದು ತವರಿನಿಂದ ಬಂದಿದ್ದ ಸೊಸೆ ಆಸ್ಪತ್ರೆಯ ಬೆಂಚಿನ ಮೇಲೆ ಕಲ್ಲಿನಂತೆ ಕುಳಿತಿದ್ದಳು. ಅತ್ತೆ ಎದುರಿಗೆ ನಿಂತು, ತಪ್ಪು ತನ್ನದೆಂದೂ, ಹುಳ ತನ್ನ ಕೈಯಲ್ಲೇ ಇತ್ತೆಂದೂ ಏನೂ ಮುಚ್ಚಿಡದೆ ಹೇಳಿದಳು. ಸೊಸೆ ತಲೆಯೆತ್ತಲಿಲ್ಲ.

"ನೀವು ತೊಳೆಯೋದು ನಾನು ನೋಡಿದ್ದೆ ಅತ್ತೆ. ಹೇಳಿದ್ರೆ ದೇವರ ವಿಷಯಕ್ಕೆ ಬಂದಳು ಅಂತಿದ್ರಿ. ಸುಮ್ಮನಾದೆ."

ಮಗುವನ್ನು ಸೊಸೆಯೇ ಹೊತ್ತು ನಡೆದಳು. ಅತ್ತೆ ಹತ್ತು ಹೆಜ್ಜೆ ಹಿಂದೆ ನಡೆದಳು. ಯಾರೂ ಅವಳನ್ನು ಬಾ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ.